ತಲೆ ಕತ್ತರಿಸಿ ಉಳಿಸಿದ ಹವಳ

ಬಾಗಿಲು ತೆರೆದವರು ವಕೀಲರೇ. ಒಳಗೆ ಕರೆಯುವ ಮೊದಲೇ ತೀರ್ಪು ಹೇಳಿಬಿಟ್ಟರು.

"ಆಕೀನೇ ಮೀನಿನ ತೊಟ್ಯಾಗ ಏನೋ ಹಾಕ್ಯಾಳ ನೋಡ್ರಿ. ಸಾಬಣಾ, ಫಿನಾಯಿಲ್, ಏನೋ ಒಂದು. ನಿನ್ನಿಯಿಂದ ಹಾಲ್ ತುಂಬ ನಾತ ಹೊಡಿಲತದ."

ಆಕಿ ಅಂದರೆ ಅವರ ಮನೆಯ ಕೆಲಸದಾಕೆ. ಔರಾದ ತಾಲ್ಲೂಕಿನ ಠಾಣಾ ಕುಶನೂರದವಳು. ಹಾಗಾಗಿ ಆ ಮನೆಯಲ್ಲಿ ಅವಳ ಹೆಸರೇ ಕುಶನೂರದಾಕಿ. ನೆಲ ಒರೆಸುವ ಅರಿವೆ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅರಿವೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಅವಳಿಗೆ ಅದರ ಖಬರಿರಲಿಲ್ಲ.

"ನಾ ಅದರಾಗ ಕೈನೇ ಹಾಕಿಲ್ರಿ ಅಣ್ಣಾ," ಅಂದಳು ನನಗೆ. "ಆ ನೀರಂದ್ರ ನನಗ ಅಂಜಿಕಿ ಬರ್ತದ. ಮ್ಯಾಲಿನ ಗಾಜಷ್ಟೇ ಒರಸ್ತೀನಿ, ಅದೂ ಒಣ ಅರಿವಿಲೇ."

"ನೀ ಸುಮ್ಮನಿರು," ಅಂದರು ವಕೀಲರು.

ನಾನು ಬೀದರಿನಲ್ಲಿ ಮನೆ ಮನೆಯ ಅಕ್ವೇರಿಯಂ ನೋಡಿಕೊಳ್ಳುವವನು. ಗಾಜು ತಿಕ್ಕುವುದು, ನೀರು ಬದಲಿಸುವುದು, ಸತ್ತ ಮೀನು ತೆಗೆಯುವುದು. ಊರಿನಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟವರು ಬೆರಳೆಣಿಕೆಯ ಮಂದಿ. ಅದರಲ್ಲಿ ಹವಳ ಸಾಕಿದವರು ಈ ವಕೀಲರೊಬ್ಬರೇ. ಸಮುದ್ರಕ್ಕೂ ನಮ್ಮ ಊರಿಗೂ ಎಷ್ಟು ದೂರವೋ, ಅವರ ಹೆಮ್ಮೆ ಅಷ್ಟು ದೊಡ್ಡದು.

ಅದು ಮೆತ್ತನೆಯ ಜಾತಿಯ ಹವಳ. ಕಲ್ಲಿನಂಥ ಹವಳ ಸಾಕಲು ಕಾನೂನು ಬಿಡುವುದಿಲ್ಲ, ಬಿಡಲೂಬಾರದು. ಇದು ಸಾಕಿದವರ ತೊಟ್ಟಿಯಲ್ಲೇ ತುಂಡಿನಿಂದ ತುಂಡು ಮಾಡಿ ಬೆಳೆಸಿದ ತಳಿ. ಹೈದರಾಬಾದಿನಿಂದ ನಾನೇ ತಂದಾಗ ಗುಂಡಿಯಷ್ಟಿತ್ತು. ಈಗ ಊಟದ ತಾಟಿನಷ್ಟಾಗಿತ್ತು. ಚರ್ಮದಂಥ ಮೈ, ಅಣಬೆಯಂಥ ಆಕಾರ: ಕೆಳಗೆ ದಪ್ಪ ಕಾಂಡ, ಮೇಲೆ ಛತ್ರಿ. ಅದರ ಮೈ ನೆಟ್ಟಗಿದ್ದಾಗ ಛತ್ರಿಯ ತುಂಬ ಸಣ್ಣ ಸಣ್ಣ ಎಳೆಗಳು ಹೊರಬಂದು ನೀರಿನಲ್ಲಿ ತೂಗುತ್ತವೆ. ಒಂದೊಂದು ಎಳೆಯ ತುದಿಯೂ ಒಂದು ಬಾಯಿ. ಅವತ್ತು ಒಂದು ಎಳೆಯೂ ಹೊರಗಿರಲಿಲ್ಲ. ಛತ್ರಿ ಒದ್ದೆ ಟೊಪ್ಪಿಗೆಯ ಹಾಗೆ ಒಂದು ಕಡೆ ಜೋತುಬಿದ್ದಿತ್ತು. ಅಂಚು ಕಪ್ಪಾಗಿ ಲೋಳೆ ಬಿಡುತ್ತಿತ್ತು.

ಸಾಬೂನು ಬಿದ್ದಿದ್ದರೆ ನೊರೆ ತೆಗೆಯುವ ಯಂತ್ರ ಉಕ್ಕಿ ಹರಿಯಬೇಕಿತ್ತು. ಅದರ ಬಟ್ಟಲು ಶಾಂತವಾಗಿತ್ತು. ಇದನ್ನು ವಕೀಲರಿಗೆ ತೋರಿಸಿ ಹೇಳಿದೆ.

"ಹಂಗಾರ ಫಿನಾಯಿಲ್," ಅಂದರು.

ನಮ್ಮ ಮುತ್ಯಾ ಹೇಳುತ್ತಿದ್ದ ಮಾತು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅದನ್ನು ಗಾದೆ ಅಂತ ಕೇಳಿದ್ದೆ. ಬರೆ ಹಾಕುವ ಕೈಯನ್ನು ಎದುರಿಗೆ ನೋಡಿದ್ದು ಅವತ್ತು.

ಕುಶನೂರದಾಕಿಗೆ ಆ ಕೆಲಸ ಹೋದರೆ ಏನೇನು ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಮಳೆ ಮೋರೆ ತಿರುಗಿಸಿದ ಕಾಲ ಅದು. ನಗರದ ಓಣಿಗಳಲ್ಲಿ ಟ್ಯಾಂಕರಿನ ಹಿಂದೆ ಕೊಡಗಳು ಓಡುತ್ತಿದ್ದವು. ಔರಾದ, ಭಾಲ್ಕಿ ಕಡೆಯ ಹಳ್ಳಿಗಳಿಂದ ಜನ ಗಡಿಯಾಚೆ ಕಬ್ಬು ಕಡಿಯಲು ಹೊರಟುಹೋಗಿದ್ದರು. ಅವಳ ಗಂಡನೂ ಹೋಗಿದ್ದ. ಅಲ್ಲಿ ಗಂಡ ಹೆಂಡತಿ ಸೇರಿದರೆ ಒಂದು ಕೋಯ್ತಾ, ಅಂದರೆ ಒಂದು ಕುಡುಗೋಲು, ಎಂಬ ಲೆಕ್ಕ. ಒಬ್ಬನೇ ಹೋದವನು ಅರ್ಧ ಕೋಯ್ತಾ. ನೀನೂ ಬಂದು ಸೇರು ಎಂದು, ಆಳು ಕರೆದೊಯ್ಯುವ ಗುತ್ತಿಗೆಯ ಮುಕಾದಮ ಅವಳಿಗೆ ದಿನಾ ಫೋನು ಮಾಡುತ್ತಿದ್ದ. ಅವಳು ಹೋಗದೆ ನಿಂತದ್ದು ಮಗಳಿಗಾಗಿ. ಮಗಳು ಹತ್ತನೇ ಇಯತ್ತೆ, ಬೀದರಿನ ಸಾಲಿ. ವಕೀಲರ ಹಿತ್ತಲಿನ ಖೋಲಿಯಲ್ಲಿ ತಾಯಿ ಮಗಳು ಇದ್ದರು. ಕೆಲಸ ಹೋದರೆ ಖೋಲಿ ಹೋಯಿತು, ಖೋಲಿ ಹೋದರೆ ಸಾಲಿ ಹೋಯಿತು. ಮುಂದಿನದು ಕಬ್ಬಿನ ಗದ್ದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತೇ ಅವಳು ಕೇಳಿದಳು: "ಅದು ಬದುಕ್ತದೇನ್ರಿ ಅಣ್ಣಾ?"

"ನೋಡಮು ಅಕ್ಕಾ," ಅಂದೆ.

ನೀರು ಕೆಟ್ಟಾಗ ಮಾಡುವುದನ್ನೇ ಮಾಡಿದೆ. ಉಪ್ಪಿನ ಅಳತೆ ನೋಡಿದೆ, ಸರಿ ಇತ್ತು. ಬಿಸಿ ನೋಡಿದೆ, ಕರೆಂಟ್ ಹೋಗಿ ಬಂದು ಮಾಡುತ್ತಿದ್ದರೂ ಮಿತಿ ಮೀರಿರಲಿಲ್ಲ. ಅಮೋನಿಯಾ ತುಸುವೇ ಏರಿತ್ತು, ಕೊಳೆತ ಅಂಚಿನಿಂದ ಅಷ್ಟು ಬರುವಂಥದ್ದೇ. ಟ್ಯಾಂಕರಿನ ನೀರೇನಾದರೂ ಸೇರಿತೇ ಎಂದು ಕೇಳಿದೆ. ಇಲ್ಲ, ನೀವು ಹೇಳಿದ ಹಾಗೆ ಫಿಲ್ಟರಿನ ನೀರೇ ಹಾಕುತ್ತಿದ್ದೇವೆ ಅಂದರು. ಆ ನೀರು ತುಂಬಿಡಲು ನಾನು ಕೊಟ್ಟ ನೀಲಿ ಡ್ರಮ್ಮು ಹಿತ್ತಲಿನಲ್ಲಿ ತುಂಬಿಯೇ ಇತ್ತು. ಮೀಟರು ಅದ್ದಿದೆ, ಕಲ್ಮಶ ಇಲ್ಲವೆನ್ನುವಷ್ಟು ಕಡಿಮೆ ತೋರಿಸಿತು. ಸಮುದ್ರದ ಉಪ್ಪು ಕಲಸಿ, ಪಂಪು ಬಿಟ್ಟು, ಕರಗಿದ ಮೇಲೆ ತೊಟ್ಟಿಯ ಕಾಲು ಭಾಗ ನೀರು ತೆಗೆದು ಈ ಹೊಸ ನೀರು ಹಾಕಿದೆ. ಕಪ್ಪಾದ ಅಂಚನ್ನು ಕತ್ತರಿಯಿಂದ ತೆಗೆದು, ಪಂಪಿನ ಬಾಯಿ ಅದರ ಕಡೆ ತಿರುಗಿಸಿದೆ. ನಾಳೆ ನಾಡಿದ್ದರಲ್ಲಿ ಚೇತರಿಸಿಕೊಳ್ಳುತ್ತದೆ ಎಂದು ಧೈರ್ಯ ಹೇಳಿ ಬಂದೆ.

ಚೇತರಿಸಿಕೊಳ್ಳಲಿಲ್ಲ. ಎರಡು ದಿನ ಬಿಟ್ಟು ಫೋನು ಬಂತು. ಹೋಗಿ ನೋಡಿದರೆ ಅರ್ಧ ಛತ್ರಿ ಕಪ್ಪು. ಗಾಜಿಗೆ ಅಂಟಿ ಪಾಚಿ ಮೇಯುತ್ತಿದ್ದ ಬಸವನಹುಳಗಳು ತಳಕ್ಕೆ ಬಿದ್ದು ಬಾಯಿ ಮೇಲೆ ಮಾಡಿದ್ದವು. ಸೀಗಡಿ ಕಲ್ಲಿನ ಸಂದಿಯಲ್ಲಿ ಸತ್ತು ಬೆಳ್ಳಗಾಗಿತ್ತು. ಕಿತ್ತಲೆ ಬಣ್ಣದ ಜೋಡಿ ಮೀನು ಮಾತ್ರ ಏನೂ ಆಗಿಲ್ಲವೆಂಬಂತೆ ಊಟಕ್ಕೆ ಮೇಲೆ ಬಂದವು.

ಮತ್ತೆ ನೀರು ಬದಲಿಸಿದೆ. ಮತ್ತೆ ಬಿಗಡಾಯಿಸಿತು. ಸಿಟ್ಟು ಎಲ್ಲಿಂದ ಎಲ್ಲಿಗೆ ಏರುತ್ತದೆ ನೋಡಿ: ಆ ಜೀವದ ಮೇಲೂ ಸಿಟ್ಟು ಬಂತು. ಮದ್ದು ಹಾಕಿದ ಕೈಯನ್ನೇ ಕಚ್ಚುವ ನಾಯಿಯಂತೆ ಕಂಡಿತು. ಫೋನಿನ ಗುಂಪಿನಲ್ಲಿ ಮುಂಬೈ, ಕೊಚ್ಚಿಯ ಬಲ್ಲವರಿಗೆ ಚಿತ್ರ ಕಳಿಸಿದರೆ ಬಂದ ಉತ್ತರ ಒಂದೇ. ನೀರು ಬದಲಿಸಿ, ಇನ್ನಷ್ಟು ಬದಲಿಸಿ.

ಮೂರನೆಯ ಸಲ ಹೋದಾಗ ಅಡುಗೆಮನೆಯ ಬಾಗಿಲಲ್ಲಿ ಯಾರೂ ಇರಲಿಲ್ಲ.

"ಕಳಿಸಿಬಿಟ್ಟೆ," ಅಂದರು ವಕೀಲರು. "ನೀವು ಸರಿ ಮಾಡೋದು, ಆಕಿ ಕೆಡಸೋದು. ಎಷ್ಟಂತ ನೋಡಬೇಕು? ಹಿತ್ತಲ ಖೋಲಿ ಕೀಲಿ ತಗೊಂಡೀನಿ."

"ಯಾರ ನೋಡ್ಯಾರ್ರಿ, ಆಕಿ ಹಾಕಿದ್ದು?"

"ಎಲ್ಲಾ ನೋಡೇ ತಿಳೀಬೇಕೇನ್ರಿ?"

ಕೋರ್ಟಿನಲ್ಲಿ ಇದೇ ಬಾಯಿ ಸಾಕ್ಷಿ ಎಲ್ಲಿ, ಸಾಕ್ಷಿ ಎಲ್ಲಿ ಎಂದು ಗುಡುಗುತ್ತದೆ. ನಾನು ಹಲ್ಲು ಕಚ್ಚಿ ಬಕೀಟು ಎತ್ತಿಕೊಂಡು ಹಿತ್ತಲಿಗೆ ಹೋದೆ. ಡ್ರಮ್ಮಿನ ಪಕ್ಕದ ಹಗ್ಗದ ಮೇಲೆ ಒಂದು ಬಿಳಿ ಅರಿವೆ ಒಣಹಾಕಿತ್ತು. ನಡುವೆ ದುಂಡಗೆ ತೆಳು ಹಸಿರು ಕಲೆ. ಪಾಚಿಯ ಹಸಿರಲ್ಲ ಅದು. ಗುಡಿಯ ಹಳೆಯ ಗಂಟೆಯ ಅಂಚಿಗೆ ಕೂಡುತ್ತದಲ್ಲ, ಆ ಹಸಿರು.

ಅರಿವೆ ಹಿಡಿದು ಅಲ್ಲೇ ನಿಂತೆ. ಬಸವನಹುಳ ಸತ್ತಿದೆ, ಸೀಗಡಿ ಸತ್ತಿದೆ, ಹವಳ ಸಾಯುತ್ತಿದೆ. ಮೀನು ಬದುಕಿದೆ. ಮೀನಿನ ರೋಗಕ್ಕೆ ನಾವೇ ಅಳತೆ ಮಾಡಿ ಹಾಕುವ ಮದ್ದು ಒಂದುಂಟು. ಮೀನು ತಾಳಿಕೊಳ್ಳುತ್ತದೆ, ಬೆನ್ನೆಲುಬಿಲ್ಲದ ಜೀವಗಳಿಗೆ ಅದೇ ವಿಷ. ತಾಮ್ರ.

ಅಷ್ಟರಲ್ಲಿ ವಕೀಲರ ತಾಯಿ ಕೋಲೂರುತ್ತ ಹಿತ್ತಲಿಗೆ ಬಂದರು. ಎಂಬತ್ತರ ಆಸುಪಾಸಿನ ಮುದುಕಿ, ದನಿ ಮಾತ್ರ ಇಪ್ಪತ್ತರದು.

"ಏ ತಮ್ಮಾ, ಆ ಅರಿವಿ ಎದಕ್ಕ ಹಿಡಕೊಂಡು ನಿಂತಿ? ಹಂಡ್ಯಾದ ಬಾಯಿಗಿ ಕಟ್ಟೂದದು."

"ಯಾವ ಹಂಡೆ ಆಯಿ?"

ಕೈ ಹಿಡಿದು ಕರೆದೊಯ್ದು ತೋರಿಸಿದರು. ಅಡುಗೆಮನೆಯ ಮೂಲೆಯಲ್ಲಿ ತಾಮ್ರದ ದೊಡ್ಡ ಹಂಡೆ. ತವರಿನಿಂದ ತಂದದ್ದು. ಹುಣಸೆಹಣ್ಣು ಉಪ್ಪು ಹಚ್ಚಿ ತಿಕ್ಕಿಸಿ ಕನ್ನಡಿ ಮಾಡಿಟ್ಟಿದ್ದರು.

"ನಳ ಎಂದೋ ಒಂದಿನ ಬರ್ತದ. ಬಂದಾಗ ಫಿಲ್ಟರ್ ಹಚ್ಚಿ ಹಂಡ್ಯಾ ತುಂಬಸ್ತೀನಿ. ಪ್ಲಾಸ್ಟಿಕ್ಕಿನಾಗ ನೀರ ಸಾಯ್ತದ, ತಾಮ್ರದಾಗ ಜೀವ ಬರ್ತದ. ನಾವು ಕುಡಿತೀವಿ, ಉಳದದ್ದು ನಿನ್ನ ಡ್ರಮ್ಮಿಗಿ ಹಾಕಸ್ತೀನಿ. ನಿನ್ನ ಮೀನಾದ್ರೂ ಯಾಕ ಹೊಲಸ ನೀರ ಕುಡಿಬೇಕು?"

ಮೊದಲೆಲ್ಲ ಫಿಲ್ಟರಿನ ಕೊಳವೆ ನೇರ ನನ್ನ ಡ್ರಮ್ಮಿಗೇ ಇತ್ತು. ನೀರಿಗೆ ಬರ ಬಿದ್ದ ಮೇಲೆ ನಡುವೆ ಹಂಡೆ ಬಂದಿದೆ. ನಮಗಾಗಲಿ ಆಯಿಗಾಗಲಿ ಅಷ್ಟು ತಾಮ್ರದಿಂದ ತೊಂದರೆ ಕಾಣದೇ ಇದ್ದೀತು. ಹವಳಕ್ಕೆ ಅದರ ನೂರರಲ್ಲೊಂದು ಪಾಲೂ ಹೆಚ್ಚು, ನನ್ನ ಮೀಟರಿಗೆ ಅಷ್ಟು ಕಾಣುವುದೂ ಇಲ್ಲ. ಫಿಲ್ಟರಿನ ನೀರು ಹಸಿದ ನೀರು. ಏನೂ ಇಲ್ಲದ್ದರಿಂದ ಮುಟ್ಟಿದ್ದನ್ನು ಕರಗಿಸಿಕೊಳ್ಳುತ್ತದೆ. ತೊಟ್ಟಿಯ ನೀರು ದಿನಾ ಆರಿದಷ್ಟಕ್ಕೆ ಡ್ರಮ್ಮಿನ ನೀರು ತುಂಬಿಸಿದಾಗ ಚೂರು ಚೂರು ಸೇರಿದ ತಾಮ್ರ ಆರದೆ ಅಲ್ಲೇ ಕೂತಿದೆ. ಅದರ ಮೇಲೆ ನಾನು ಮದ್ದು ಎಂದುಕೊಂಡು ಬಕೀಟುಗಟ್ಟಲೆ ಅದನ್ನೇ ಸುರಿದಿದ್ದೇನೆ.

ತಾಮ್ರ ಪರೀಕ್ಷಿಸುವ ಹನಿಮದ್ದು ನನ್ನ ಅಂಗಡಿಯಲ್ಲಿತ್ತು. ತಂದು, ವಕೀಲರ ಮುಂದೆಯೇ ಎರಡು ನಳಿಗೆಗಳಲ್ಲಿ ನೀರು ಹಿಡಿದೆ, ಒಂದು ತೊಟ್ಟಿಯದು, ಒಂದು ಹಂಡೆಯದು. ಹನಿ ಹಾಕಿದೆ. ತಾಮ್ರವಿಲ್ಲದಿದ್ದರೆ ಬಣ್ಣ ಬರಬಾರದು. ಎರಡರಲ್ಲೂ ಬಂತು. ಹಂಡೆಯದರಲ್ಲಿ ನೋಡನೋಡುತ್ತ ಬಂತು.

ವಕೀಲರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು.

"ಅವ್ವಗ ಹೇಳಬ್ಯಾಡ್ರಿ. ಮನಸ್ಸಿಗಿ ಹಚ್ಚಕೊಂತಾಳ. ಆಗಿದ್ದು ಆಯ್ತು, ಹವಳ ಉಳಸ್ರಿ."

"ಕುಶನೂರದಾಕಿ?"

"ಬ್ಯಾರೆ ಮನಿ ಸಿಗ್ತದ ಬಿಡ್ರಿ ಆಕಿಗಿ. ಕೆಲಸದವರಿಗೇನು."

ಅಷ್ಟು ದಿನದ ಸಿಟ್ಟು ಸಿಟ್ಟೇ ಅಲ್ಲ ಅನ್ನಿಸಿತು. ತಪ್ಪು ತಿಳಿಯದೆ ಬರೆ ಹಾಕಿದ್ದು ಒಂದು ಮಾತು. ತಿಳಿದ ಮೇಲೂ ತಾಯಿಯ ಮನಸ್ಸಿಗೆ ಗೀರು ಬೀಳಬಾರದೆಂದು ಇನ್ನೊಬ್ಬ ತಾಯಿಯ ಬೆನ್ನ ಮೇಲೆ ಬರೆ ಹಾಗೇ ಬಿಡುವುದು ಬೇರೆ ಮಾತು. ಸಿಟ್ಟು ಇದ್ದಾಗ ಹರಿತದ್ದು ಹಿಡಿಯಬೇಡ ಅಂತ ನಮ್ಮ ಅಜ್ಜಿ ಹೇಳುತ್ತಿದ್ದಳು. ಹಿಡಿಯಲೇಬೇಕಿತ್ತು, ಹವಳಕ್ಕೆ ನಾಳೆ ಅನ್ನುವುದು ಇರಲಿಲ್ಲ.

ಆ ತೊಟ್ಟಿಯಲ್ಲಿ ಅದನ್ನು ಇಡುವ ಹಾಗೇ ಇರಲಿಲ್ಲ. ಕಲ್ಲು, ಮರಳು ಎಲ್ಲ ತಾಮ್ರ ಹೀರಿಕೊಂಡಿದ್ದವು. ಮೀನನ್ನು ಅಲ್ಲೇ ಬಿಟ್ಟು, ತಾಮ್ರ ಹೀರುವ ಇದ್ದಿಲಿನ ಚೀಲ ಇಳಿಬಿಟ್ಟು, ಹವಳವನ್ನು ಬಕೀಟಿನಲ್ಲಿ ನನ್ನ ಮನೆಗೆ ತಂದೆ. ನೀರು ಮಾರುವವರ ಹತ್ತಿರ ಕ್ಯಾನು ತಂದು ಉಪ್ಪು ಕಲಸುವುದನ್ನು ಕಂಡು ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಊರಮಂದಿ ಕುಡಿಯೋ ನೀರಿಗಿ ಸಾಲು ಹಚ್ಯಾರ. ಕುಡಿಯೋ ನೀರಿಗಿ ಉಪ್ಪು ಹಾಕಿ ಕೆಡಸೋ ಗಂಡಸ್ನ ನಾ ಇಲ್ಲೇ ನೋಡ್ದೆ."

"ಒಂದೆರಡೇ ಬಕೀಟ್ರೀ ಬಾಯವ್ರೇ, ಬಿಡ್ರಿ," ಅಂದೆ.

"ಉಪ್ಪು ಜರಾ ಸಾರಿಗೂ ಹಾಕ್ರಿ ಹಂಗೇ, ಒಲಿ ಮ್ಯಾಲ ಅದ," ಅಂದು ಒಳಗೆ ಹೋದಳು. ಹಳೆಯ ಪ್ಲಾಸ್ಟಿಕ್ ತೊಟ್ಟಿಯೊಂದನ್ನು ತೊಳೆದು ಅವಳೇ ತಂದಿಟ್ಟಳು.

ಕೈಗವಸು ಹಾಕಿಕೊಂಡೆ, ಕಣ್ಣಿಗೆ ಕನ್ನಡಕ. ಈ ಜಾತಿ ಕತ್ತರಿಸಿದಾಗ ವಿಷದ ರಸ ಬಿಡುತ್ತದೆ. ಹವಳವನ್ನು ತಾಟಿನಲ್ಲಿಟ್ಟು ಬೆರಳಿನಿಂದ ಒತ್ತಿ ನೋಡಿದೆ. ಛತ್ರಿ ಕೊಳೆತ ಬದನೆಯ ಹಾಗೆ ಒಳಗೆ ಹೋಯಿತು. ಕಾಂಡ ಮಾತ್ರ ಗಟ್ಟಿ. ಅಂಚು ಕತ್ತರಿಸಿ ಛತ್ರಿ ಉಳಿಸಿದರೆ ನೋಡಲು ಚಂದ, ವಕೀಲರಿಗೆ ಬೇಕಾದದ್ದೂ ಅದೇ. ಆದರೆ ಕೊಳೆ ಇಳಿಯುತ್ತ ಬಂದು ಕಾಂಡ ಮುಟ್ಟಿದರೆ ಮುಗಿಯಿತು. ಹೊಸ ಬ್ಲೇಡು ತೆಗೆದು, ಕೊಳೆಗಿಂತ ಎರಡು ಬೆರಳು ಕೆಳಗೆ ಹಿಡಿದು, ಇಡೀ ತಲೆಯನ್ನೇ ಕತ್ತರಿಸಿಬಿಟ್ಟೆ. ಒಂದೇ ಎಳೆತ. ಕತ್ತರಿಸಿದ ಜಾಗ ಕೆನೆ ಬಣ್ಣಕ್ಕೆ ಶುದ್ಧವಾಗಿತ್ತು. ಛತ್ರಿಯ ಒಳ್ಳೆಯ ಮಗ್ಗುಲಿನಿಂದ ಎರಡು ಪಟ್ಟಿ ಕೊಯ್ದುಕೊಂಡೆ. ಎಲ್ಲವನ್ನೂ ಬೇರೆ ಬಟ್ಟಲಿನ ಉಪ್ಪುನೀರಿನಲ್ಲಿ ಜಾಲಿಸಿ, ಅಯೋಡಿನ್ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದೆ. ಲೋಳೆಯ ಮೈಗೆ ಅಂಟು ಹಿಡಿಯುವುದಿಲ್ಲ. ಪಟ್ಟಿಗಳನ್ನು ಕಲ್ಲಿನ ಚೂರಿನ ಮೇಲಿಟ್ಟು ಸೊಳ್ಳೆಪರದೆಯ ತುಂಡು ಹೊದಿಸಿ, ಬಿಗಿಯದಂತೆ ರಬ್ಬರ್ ಹಾಕಿದೆ. ಮಂದ ಬೆಳಕು, ಜೋರು ನೀರಿನ ಸೆಳೆತ. ಇಷ್ಟೇ ಚಿಕಿತ್ಸೆ. ಉಳಿದದ್ದು ಅದರ ಹಟ.

ಮರುದಿನ ಬೆಳಿಗ್ಗೆ ವಕೀಲರು ಕೋರ್ಟಿಗೆ ಹೋಗುವ ಹೊತ್ತು ನೋಡಿಕೊಂಡು ಅವರ ಮನೆಗೆ ಹೋದೆ. ಆಯಿಯ ಮುಂದೆ ಕೂತು ಎಲ್ಲ ಹೇಳಿದೆ. ಮೊದಲು ಒಪ್ಪಲಿಲ್ಲ.

"ನಮ್ಮವ್ವ ಇದರಾಗಿನ ನೀರೇ ಕುಡದು ತೊಂಬತ್ತ ವರ್ಷ ಬಾಳ್ಯಾಳ."

"ನಿಮ್ಮವ್ವ ಹವಳ ಅಲ್ಲಲ್ರಿ ಆಯಿ."

ಆಯಿ ನಕ್ಕರು. ನಗು ಅಲ್ಲೇ ನಿಂತಿತು.

"ಹಂಗಾರ ಆ ಪೋರಿ? ಊರಾಗ ಮದಿವಿ ಅದ, ಹೋಗ್ಯಾಳ ಅಂದಾನಲ್ಲ ಇವ?"

ಕಳಿಸಿಬಿಟ್ಟದ್ದು ಆಯಿಗೆ ಗೊತ್ತೇ ಇರಲಿಲ್ಲ. ಹೇಳಿದೆ. ಕೋಲು ನೆಲಕ್ಕೆ ಕುಟ್ಟಿದ ಸದ್ದಿಗೆ ನಾನೇ ಬೆಚ್ಚಿದೆ.

"ನಾ ಹಾಕಿದ ನೀರು! ನಾ ಹಾಕಿದ ನೀರಿಗಿ ಆಕೀನ ಹೊರಗ ಹಾಕ್ಯಾನ! ಏಳ. ಕುಶನೂರ ಬಸ್ಸು ಎಷ್ಟೊತ್ತಿಗದ?"

ಬಿಸಿಲು, ಧೂಳು, ಎರಡೂ ಮಗ್ಗುಲಿಗೆ ತೊಗರಿ ಒಣಗಿ ನಿಂತ ಹೊಲ. ದಾರಿಯುದ್ದಕ್ಕೂ ಆಯಿ ಮಗನನ್ನು ಬೈದದ್ದನ್ನು ಬಸ್ಸಿನವರೆಲ್ಲ ಕೇಳಿದರು. ಕಂಡಕ್ಟರು ಟಿಕೆಟ್ ಕೊಡುತ್ತ, "ಯಾರ್ರಿ ಆಯಿ, ಸೊಸಿಗೇನ್ರಿ?" ಅಂದ. "ಹೆತ್ತ ಮಗನಿಗಿ. ಸೊಸಿಗಿ ಬೈಲಾಕ ಬಸ್ಸು ಹತ್ತಬೇಕೇನೋ ಬಾಡ್ಯಾ!" ಅಂದರು.

ಕುಶನೂರದಾಕಿಯ ಮನೆಯ ಮುಂದೆ ಗಂಟು ಕಟ್ಟಿಟ್ಟಿತ್ತು. ಹಾಸಿಗೆ, ಎರಡು ಪಾತ್ರೆ, ಹೊಸ ಕುಡುಗೋಲು. ಮಾರನೆಯ ದಿನ ಭಾಲ್ಕಿಗೆ ಹೋಗಿ, ಮೆಹಕರದ ಹಾದಿಯಲ್ಲಿ ಗಡಿ ದಾಟುವ ಟ್ರಕ್ಕು ಹಿಡಿಯುವುದಿತ್ತು. ಮಗಳು ಹೊಸ್ತಿಲ ಮೇಲೆ ಕೂತಿದ್ದಳು, ಪುಸ್ತಕದ ಚೀಲ ತೊಡೆಯ ಮೇಲೆ. ಅದನ್ನು ಗಂಟಿನೊಳಗೆ ಕಟ್ಟಲು ಬಿಟ್ಟಿರಲಿಲ್ಲ.

ಆಯಿ ಕೂರಲಿಲ್ಲ. ನಿಂತೇ ಹೇಳಿದರು. "ನಂದೇ ತಪ್ಪದ ತಂಗೀ. ಹಂಡ್ಯಾದ ನೀರಿಲೇ ಆಗ್ಯಾದ. ನಡಿ ಮನಿಗಿ."

"ನಿಮ್ಮ ಮ್ಯಾಲ ಸಿಟ್ಟಿಲ್ರಿ ಆಯಿ," ಅಂದಳು ಕುಶನೂರದಾಕಿ. ದನಿ ಏರಲಿಲ್ಲ, ಕಣ್ಣು ಮಾತ್ರ ಉರಿಯುತ್ತಿತ್ತು. "ವಕೀಲರು ಹೊರಗ ಹಾಕಿದ್ದು ನನ್ನ ಮಗಳ ಮುಂದ. 'ನಿಮ್ಮವ್ವ ವಿಷ ಹಾಕ್ಯಾಳ' ಅಂದಾರ ಆಕಿಗಿ. ಅವರೇ ಹೇಳಬೇಕ್ರಿ. ಇಲ್ಲಾ ಅಂದ್ರ ನಾ ನಾಳಿ ಹೋಗ್ತೇನಿ."

ಆಯಿ ನನ್ನ ಕಡೆ ಕೈ ಚಾಚಿದರು. ನಾನು ನಂಬರ್ ಒತ್ತಿ, ದನಿ ಹೊರಗೆ ಬರುವಂತೆ ಮಾಡಿ ಕೊಟ್ಟೆ. ತಾಯಿಯ ದನಿ ಕೇಳಿ, ವಿಷಯ ಕೇಳಿ, ವಕೀಲರು ಗಂಟಲು ಸರಿ ಮಾಡಿಕೊಂಡರು.

"ನೋಡವಾ, ಆ ಪರಿಸ್ಥಿತಿಯೊಳಗ, ನನಗೆ ಲಭ್ಯ ಇದ್ದ ಮಾಹಿತಿ ಆಧಾರದ ಮ್ಯಾಲ..."

"ವಕೀಲರೇ, ಇದು ಕೋರ್ಟಲ್ರಿ," ಅಂದಳು ಕುಶನೂರದಾಕಿ. "ಹತ್ತನೇ ಇಯತ್ತಾ ಓದೋ ಹುಡುಗಿಗಿ ತಿಳಿಯೋಹಂಗ ಹೇಳ್ರಿ."

ಫೋನು ಮಗಳ ಮುಂದೆ ಹಿಡಿದಳು. ಆಯಿ "ಹೇಳೋ!" ಎಂದು ಒಂದು ಗದರು ಹಾಕಿದರು.

"ನಿಮ್ಮವ್ವ ಏನೂ ಹಾಕಿಲ್ಲವಾ. ನಾ ಸುಳ್ಳ ಅಪವಾದ ಹೊರಸೀನಿ. ಖೋಲಿ ಕೀಲಿ ಕೊಡ್ತೀನಿ, ಬರ್ರಿ."

ಮಗಳು "ಹೂಂ ರೀ" ಅಂದಳು. ಎದ್ದು, ಕುಡುಗೋಲನ್ನು ಗಂಟಿನಿಂದ ಎಳೆದು ಮನೆಯೊಳಗೆ ಎಸೆದಳು. ಸಂಜೆಯ ಬಸ್ಸಿಗೆ ನಾಲ್ವರೂ ಬಂದೆವು.

ಹವಳ ಇನ್ನೂ ಸತಾಯಿಸಿತು. ಒಂದು ಪಟ್ಟಿ ಮೊದಲ ವಾರದಲ್ಲೇ ಕರಗಿ ನೀರಾಯಿತು. ಕಾಂಡ ಹೆಬ್ಬೆರಳಿನಷ್ಟಕ್ಕೆ ಕುಗ್ಗಿ, ಕಂದಾಗಿ, ಮೈ ಮೇಲೆ ಮೇಣದ ಪೊರೆ ಕಟ್ಟಿಕೊಂಡು ವಾರಗಟ್ಟಲೆ ಮುಚ್ಚಿಕೊಂಡೇ ಇತ್ತು. ಸತ್ತದ್ದಕ್ಕೂ ಪೊರೆ ಬಿಡುವುದಕ್ಕೂ ಕಣ್ಣಿಗೆ ಭೇದ ಗೊತ್ತಾಗುವುದಿಲ್ಲ, ಮೂಗಿಗೆ ಗೊತ್ತಾಗುತ್ತದೆ. ದಿನಾ ಮೂಸಿ ನೋಡಿದೆ, ನಾತವಿರಲಿಲ್ಲ. ಸೆಳೆತ ಹೆಚ್ಚಿಸಿದೆ. ಒಂದು ಮಧ್ಯಾಹ್ನ ಪೊರೆ ಹಾವಿನದರಂತೆ ಕಳಚಿ ತೇಲಿತು. ಕೆಲ ದಿನಕ್ಕೆ ಕತ್ತರಿಸಿದ ಜಾಗದ ಅಂಚಿನಲ್ಲಿ ಸಾಸಿವೆಯಷ್ಟು ಸಾಸಿವೆಯಷ್ಟು ಎಳೆ ಹೊರಬಂದವು.

ವಕೀಲರ ತೊಟ್ಟಿಯ ಕಲ್ಲು ಮರಳು ಎಲ್ಲ ತೆಗೆಸಿ, ಹನಿಮದ್ದು ಬಣ್ಣ ಕೊಡದ ದಿನ ಹವಳವನ್ನು ಮರಳಿ ಇಟ್ಟೆ. ಅಷ್ಟರಲ್ಲಿ ಬೇಸಿಗೆ ಬಂದಿತ್ತು. ವಕೀಲರು ಬಂದವರಿಗೆಲ್ಲ ತೋರಿಸುತ್ತಿದ್ದರು: ನೋಡ್ರಿ, ಸಾಯೋದನ್ನ ಉಳಿಸಿಕೊಂಡೆವು. 'ಉಳಿಸಿಕೊಂಡೆವು' ಎಂಬ ಮಾತಿಗೆ ನನ್ನ ಮೈ ಇನ್ನೂ ಉರಿಯುತ್ತದೆ. ನಾನು ಗಾಜು ತಿಕ್ಕುತ್ತಿದ್ದೆ. ಕುಶನೂರದಾಕಿ ಪಕ್ಕದಲ್ಲಿ ಬಂದು ನಿಂತು ಹವಳವನ್ನೇ ನೋಡುತ್ತಿದ್ದಳು. ಖುಷಿಯಿಂದ ಹೇಳಿದೆ, "ನೋಡ್ರಿ ಅಕ್ಕಾ, ಹ್ಯಾಂಗ ಬದುಕ್ತು!"

"ಹೂಂ ರೀ ಅಣ್ಣಾ. ಬಂದವರೆಲ್ಲಾ ಇದನ್ನೇ ಕೇಳ್ತಾರ, ಹ್ಯಾಂಗದ ಅಂತ." ಅರಿವೆ ಹಿಂಡಿ ಹೆಗಲಿಗೆ ಹಾಕಿಕೊಂಡಳು. "ನನ್ನ ಮಗಳು ಪರೀಕ್ಷಾ ಹ್ಯಾಂಗ ಬರದಾಳ ಅಂತ ಒಬ್ಬರೂ ಕೇಳಿಲ್ರಿ. ನೀವೂ ಕೇಳಿಲ್ಲ."

ತಿಕ್ಕುವುದನ್ನು ಬಿಟ್ಟು ಅವಳ ಕಡೆ ತಿರುಗಿದೆ.

"ಹ್ಯಾಂಗ ಬರದಾಳ್ರಿ ಅಕ್ಕಾ?"

"ಗಣಿತ ಜರಾ ಕಠಿಣ ಇತ್ತಂತ್ರಿ," ಅಂದಳು. "ಉಳದದ್ದೆಲ್ಲಾ ಛಲೋ ಬರದಾಳ."